ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್‌ನ ಹಾವಭಾವ ಪೆನಾಲ್ಟಿ ಒದೆಯುವವನ ನಿರ್ಧಾರವನ್ನು ನಿಜಕ್ಕೂ ಕೆಡಿಸುತ್ತದೆಯೇ?

ಕೆಡಿಸುತ್ತದೆ. ಆದರೆ ಕೀಪರ್ ಹೆದರಿಸುವುದಕ್ಕಿಂತ ಹೆಚ್ಚಾಗಿ ಗಮನ ಕದಿಯುತ್ತಾನೆ.

ಚೆಂಡು ಇರುವುದು ಗೋಲಿನಿಂದ 11 ಮೀಟರ್ ದೂರದಲ್ಲಿ. ಚೆನ್ನಾಗಿ ಒದ್ದರೆ ಅರ್ಧ ಸೆಕೆಂಡಿನಷ್ಟರಲ್ಲಿ ಗೆರೆ ದಾಟುತ್ತದೆ, ಹಾಗಾಗಿ ಮೇಲುಗೈ ಒದೆಯುವವನದೇ. ಆತಂಕ ಹೆಚ್ಚಾದಾಗ ಮಾತ್ರ ಅವನ ಕಣ್ಣು ಗುರಿಯಿಟ್ಟ ಮೂಲೆಯನ್ನು ಬಿಟ್ಟು ಕೀಪರ್ ಮೇಲೆಯೇ ನೆಡುತ್ತದೆ. ಕಣ್ಣು ಹೋದ ಕಡೆಗೆ ಕಾಲೂ ವಾಲುವುದರಿಂದ ಚೆಂಡು ಕೀಪರ್‌ನ ಕೈಗೆಟಕುವಲ್ಲಿಗೆ ಹೋಗುತ್ತದೆ. ಕೀಪರ್ ಕೈ ಬೀಸಿ ಕುಣಿದರಂತೂ ಈ ಸೆಳೆತ ಇನ್ನೂ ಜೋರು.

ಯುರೋಪಿನ ಕ್ಲಬ್ ತಂಡಗಳು ಆಡುವ ಯುರೋಪಿಯನ್ ಕಪ್‌ನ 1984ರ ಫೈನಲ್ ನೋಡಿ. ರೋಮಾ ತಂಡದ ಗ್ರಾಜಿಯಾನಿ ಒದೆಯಲು ಬಂದಾಗ ಲಿವರ್‌ಪೂಲ್‌ನ ಕೀಪರ್ ಗ್ರೊಬೆಲಾರ್ ಗೋಲಿನ ಗೆರೆಯ ಮೇಲೆ ಕಾಲುಗಳನ್ನು ಕುಡುಕನಂತೆ ತೂರಾಡಿಸಿದ. ಚೆಂಡು ಅಡ್ಡಪಟ್ಟಿಗೆ ತಾಗಿ ಮೇಲೆ ಹಾರಿತು. 2005ರ ಫೈನಲ್‌ನಲ್ಲಿ ಲಿವರ್‌ಪೂಲ್‌ನದೇ ಕೀಪರ್ ದುದೆಕ್ ಈ ಕುಣಿತವನ್ನು ಮತ್ತೆ ಆಡಿದ; ಮಿಲಾನ್ ಸೋತಿತು. (ಕುಣಿತವೊಂದೇ ಕಾರಣ ಎನ್ನಲಾಗದು, ಒತ್ತಡದಲ್ಲಿ ಸುಮ್ಮನೆ ನಿಂತ ಕೀಪರ್ ಎದುರೂ ಎಷ್ಟೋ ಜನ ತಪ್ಪುತ್ತಾರೆ.) 2022ರ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾದ ಮಾರ್ಟಿನೆಜ್ ಚೆಂಡನ್ನೇ ದೂರ ಎಸೆದ. ಅದನ್ನು ತರಲು ನಡೆದುಹೋದ ಫ್ರಾನ್ಸ್‌ನ ಚುವಾಮೆನಿ ಒದ್ದದ್ದು ಗೋಲಿನ ಹೊರಗೆ. ಮರುವರ್ಷವೇ ಇಂಥ ಕಾಲಹರಣಕ್ಕೆ, ಕಂಬ ಮುಟ್ಟಿ ಗಮನ ಸೆಳೆಯುವುದಕ್ಕೆ ನಿಯಮದಲ್ಲೇ ತಡೆ ಬಂತು.

ಹಾವಭಾವ ಉಲ್ಟಾ ದಿಕ್ಕಿನಲ್ಲೂ ಕೆಲಸ ಮಾಡುತ್ತದೆ. ಬೆನ್ನು ತಿರುಗಿಸಿ, ಕಣ್ಣು ತಪ್ಪಿಸಿ, ಸೀಟಿ ಊದಿದ ಕೂಡಲೇ ಒದೆಯಲು ಓಡುವವನನ್ನು ಕಂಡರೆ ಕೀಪರ್‌ಗೆ ಧೈರ್ಯ ಬರುತ್ತದೆ. ಅದಕ್ಕೇ ಪಳಗಿದವರು ಮೂಲೆಯನ್ನು ಮೊದಲೇ ಗೊತ್ತುಮಾಡಿಕೊಂಡು, ಸೀಟಿಯ ನಂತರ ಒಂದು ಉಸಿರು ಎಳೆದುಕೊಂಡೇ ಹೆಜ್ಜೆ ಇಡುತ್ತಾರೆ.