ಗಡಿಗೆಗೆ ಕಲ್ಲು ಹಾಕಿದವರು ಯಾರು?

‘ಭೂತಕಾಲದ ರೂಪವೇ ಬಾರದ ಒಂಬತ್ತನೇ ತರಗತಿ ಮಕ್ಕಳಿಂದ ಇಂಗ್ಲಿಷಿನಲ್ಲಿ ಕಥೆ ಬರೆಸಿದರೆ ವಿಚಾರಶಕ್ತಿ ಬೆಳೆದೀತೆ? ಅದಕ್ಕೆ ಪ್ರಬಂಧ ಇದೆಯಲ್ಲ?’
– ಪ್ರೌಢಶಾಲಾ ಶಿಕ್ಷಕರೊಬ್ಬರು, ಚಿತ್ರದುರ್ಗ ಜಿಲ್ಲೆ

ಮೇಷ್ಟ್ರೇ, ಭೂತಕಾಲ ಕಲಿಸಲೇಬೇಕು, ಪರೀಕ್ಷೆಯೂ ಬಂದೇ ಬರುತ್ತದೆ. ಒಪ್ಪಿದೆ. ಆದರೆ ಪ್ರಬಂಧದ ಮೇಲೆ ನಿಮಗಿರುವ ಭರವಸೆ ನನಗಿಲ್ಲ. ಮರಗಳ ಮಹತ್ವದ ಬಗ್ಗೆ ಗೈಡಿನ ಹದಿನೈದು ಸಾಲು ಬಾಯಿಪಾಠ ಒಪ್ಪಿಸಲು ಯಾವ ವಿಚಾರವೂ ಬೇಡ. ‘ಒಂದು ಕಥೆ ಬರೆಯಿರಿ’ ಎಂದು ಸುಮ್ಮನೆ ಕೂತರೂ ಅದೇ ಗೈಡು ಹೊರಬರುತ್ತದೆ. ಬರೆಸುವ ಬಗೆ ಬದಲಾಗಬೇಕು.

ಬಾಯಾರಿದ ಕಾಗೆಯ ಕಥೆಯನ್ನೇ ತೆಗೆದುಕೊಳ್ಳಿ. ಅದನ್ನು ಗಡಿಗೆಯ ಒಡತಿಯ ಬಾಯಲ್ಲಿ ಹೇಳಿಸಿ. ಸಂಜೆ ಹೊಲದಿಂದ ಬಂದಿದ್ದಾಳೆ. ಗಡಿಗೆ ತುಂಬ ಕಲ್ಲು, ಪಕ್ಕದಲ್ಲೊಂದು ಕರಿ ಗರಿ. ಕಾಗೆಯನ್ನು ಆಕೆ ಕಂಡಿಲ್ಲ. ಎಂಟೇ ವಾಕ್ಯ, ಒಂದೇ ನಿಯಮ: ಕಂಡದ್ದನ್ನು ಕಂಡಂತೆ ಬರೆಯಬೇಕು, ಊಹೆಯಾದರೆ ಊಹೆಯೆಂದು ವಾಕ್ಯದಲ್ಲೇ ತಿಳಿಯಬೇಕು. ನಿಮ್ಮ ವ್ಯಾಕರಣ ಇಲ್ಲೇ ಕೈಗೆ ಬರುತ್ತದೆ. ಗರಿ ಬಿದ್ದಿದೆ, ಕಾಗೆಯೇ ಹಾಕಿರಬೇಕು: ‘ಮಸ್ಟ್ ಹ್ಯಾವ್’. ಪಕ್ಕದ ಮನೆ ಹುಡುಗನೂ ಹಾಕಿರಬಹುದು: ‘ಮೈಟ್ ಹ್ಯಾವ್’. ‘ಬೇಕು’, ‘ಬಹುದು’ಗಳ ಅಂತರ ನಮ್ಮ ಮಕ್ಕಳ ಕಿವಿಗೆ ಹೊಸದಲ್ಲ.

40 ನಿಮಿಷದ ಪೀರಿಯಡ್ಡಿನಲ್ಲಿ ಮಾತಿಗೆ 10, ಅದು ಕನ್ನಡದಲ್ಲೇ ಆಗಲಿ. ಬರೆಯಲು 15. ಪುಸ್ತಕ ಅದಲುಬದಲು ಮಾಡಿ, ‘ಇದು ಅವಳಿಗೆ ಹೇಗೆ ಗೊತ್ತು?’ ಎನಿಸಿದಲ್ಲೆಲ್ಲ ಪಕ್ಕದವರು ಗೆರೆ ಎಳೆಯಲು 5. ತಿದ್ದಿ ಬರೆಯಲು 10. ಗಂಟೆ ಹೊಡೆಯಿತೆಂದು ಈ ಕೊನೆಯ ಹತ್ತನ್ನು ಕೈಬಿಟ್ಟರೆ ಹಿಂದಿನದೆಲ್ಲ ವ್ಯರ್ಥ. ಕೆಂಪು ಇಂಕೂ ಕೆಡಿಸುತ್ತದೆ. ಎಂಟು ಸಾಲಿಗೆ ಇಪ್ಪತ್ತು ಗುರುತು ಬಿದ್ದರೆ, ಮುಂದಿನ ಸಲ ಮಗು ಸ್ಪೆಲ್ಲಿಂಗ್ ಬರುವ ಮಾತನ್ನಷ್ಟೇ ಬರೆಯುತ್ತದೆ. ಆ ದಿನಕ್ಕೆ ‘ಮಸ್ಟ್’, ‘ಮೈಟ್’ ಎರಡನ್ನೇ ತಿದ್ದಿ.

‘ಕಲ್ಲು ಹಾಕಿದರೆ ನೀರು ನಿಜವಾಗಿಯೂ ಮೇಲೆ ಬರುತ್ತದಾ ಸಾರ್?’ ಎಂದು ಯಾರಾದರೂ ಕೇಳಿದರೆ ಆ ಮಗುವಿನ ಬೆನ್ನು ತಟ್ಟಿ, ಲೋಟ ತರಿಸಿ. ಕಾಲು ಲೋಟ ನೀರಿಗೆ ಬಾಯಿವರೆಗೆ ಕಲ್ಲು ತುಂಬಿದರೂ ನೀರು ಕಲ್ಲಿನ ಸಂದಿಯಲ್ಲೇ ಉಳಿಯುತ್ತದೆ, ಏಕೆಂದರೆ ಸಂದಿಯೇ ಸುಮಾರು ಐದರಲ್ಲಿ ಎರಡು ಪಾಲು. ಅರ್ಧಕ್ಕಿಂತ ಹೆಚ್ಚಿದ್ದರೆ ಉಕ್ಕುತ್ತದೆ. ಹಾಗಾದರೆ ಕಾಗೆಗೆ ಸಿಕ್ಕ ಗಡಿಗೆಯಲ್ಲಿ ಎಷ್ಟು ನೀರಿತ್ತು? ಕಥೆ ಅದನ್ನು ಹೇಳುವುದೇ ಇಲ್ಲ. ಇಂಗ್ಲೆಂಡಿನಲ್ಲಿ 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಾಗೆಯ ಕುಲದ ರೂಕ್ ಹಕ್ಕಿಗಳು ಕೊಳವೆಗೆ ಕಲ್ಲು ಹಾಕಿ, ನೀರೇರಿಸಿ, ತೇಲುತ್ತಿದ್ದ ಹುಳುವನ್ನು ಹಿಡಿದವು. ದೊಡ್ಡ ಕಲ್ಲನ್ನೇ ಆರಿಸಿಕೊಳ್ಳುವುದನ್ನೂ ಕಲಿತವು.

ನಮ್ಮ ಪ್ರಶ್ನೆಪತ್ರಿಕೆಯೋ, ‘ಸುಳಿವುಗಳಿಂದ ಕಥೆ ಬೆಳೆಸಿ’ ಎನ್ನುತ್ತಲೇ ಆರಂಭ, ಅಂತ್ಯ ಎಲ್ಲವನ್ನೂ ತಾನೇ ಕೊಟ್ಟು, ನಡುವೆ ಕ್ರಿಯಾಪದ ತುಂಬುವ ಕೆಲಸವನ್ನಷ್ಟೇ ಮಗುವಿಗೆ ಬಿಡುತ್ತದೆ. ಬಾಯಿಪಾಠ ಬಿಡಿ ಎಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು 2005ರಲ್ಲಿ. ವಿಮರ್ಶಾತ್ಮಕ ಚಿಂತನೆ ಬೇಕೆಂದು 2020ರ ಶಿಕ್ಷಣ ನೀತಿ ಮತ್ತೆ ಹೇಳಿತು. ತರಗತಿಯಲ್ಲಿ ಗೈಡು ಇನ್ನೂ ಗಟ್ಟಿಯಾಗಿ ಕೂತಿದೆ. ಫಲಿತಾಂಶ ಕುಸಿದರೆ ನೋಟಿಸು ನಿಮಗೇ ಬರುತ್ತದೆ, ಹೆದರಿಕೆಯಲ್ಲಿ ತಪ್ಪಿಲ್ಲ. ಆದರೂ ವಾರಕ್ಕೆ ಒಂದು ಪೀರಿಯಡ್ ಹೊಂದಿಸಿಕೊಳ್ಳಿ. ಆಮೇಲೆ ನಾಲ್ಕು ಮಕ್ಕಳ ಹಾಳೆ ನಮಗೆ ಕಳಿಸಿ. ಪ್ರತಿ ಮಾಡಿಸಬೇಡಿ, ಪಕ್ಕದವರು ಗೆರೆ ಎಳೆದ ಹಾಳೆಯೇ ಬರಲಿ.