ಕ್ರಿಯಾಟಿನಿನ್ ಏರಿದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು

ಕಿಡ್ನಿ ಕಾಯಿಲೆಯವರ ಗಂಡನೋ ಹೆಂಡತಿಯೋ ಆಪ್ತಸಲಹೆಗೆ ಬಂದರೆ ಕೈಯಲ್ಲಿ ರಿಪೋರ್ಟುಗಳ ಫೈಲ್ ಇದ್ದೇ ಇರುತ್ತದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ತ್ಯಾಜ್ಯ ಕ್ರಿಯಾಟಿನಿನ್, ರಕ್ತದಲ್ಲಿ ಅದರ ಅಂಕಿ ಏರಿದ ವಾರ ಮನೆಯಲ್ಲಿ ಸೂತಕ, ಇಳಿದ ವಾರ ಹಬ್ಬ. ಇದು ಮತ್ತೆ ಮತ್ತೆ ಕಾಣುತ್ತಿರುವುದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಈ ಪ್ರಕರಣ ಬರೆಯುತ್ತಿದ್ದೇನೆ.

ಬೆಂಗಳೂರಿನ ದಂಪತಿ. ಪತಿಗೆ 58 ವರ್ಷ, ಸಕ್ಕರೆ ಕಾಯಿಲೆ ಮತ್ತು ಬಿಪಿ ಹಳೆಯವು. ಮೂರು ತಿಂಗಳಿಗೊಮ್ಮೆ ಪರೀಕ್ಷೆ ಸಾಕು ಎಂದು ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಹೇಳಿದ್ದರೂ, ಪತ್ನಿ ನಡುವೆ ಯಾವ ಲ್ಯಾಬಿನಲ್ಲಿ ರಿಯಾಯಿತಿ ಇದೆಯೋ ಅವರನ್ನು ಮನೆಗೇ ಕರೆಸಿ ರಕ್ತ ಕೊಡಿಸುತ್ತಿದ್ದರು. ಕ್ರಿಯಾಟಿನಿನ್ 2.1, 2.3, 2.2 ಆಗಿ ಕೊನೆಗೆ 2.6ಕ್ಕೆ ಬಂದಿತ್ತು. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಅಂದಾಜಿನಲ್ಲಿ ತೋರಿಸುವ ಇಜಿಎಫ್‌ಆರ್ 36 ಇದ್ದದ್ದು 28. ಮೂವತ್ತಕ್ಕಿಂತ ಕೆಳಗಾದರೆ ಕಾಯಿಲೆಯ ನಾಲ್ಕನೇ ಹಂತ ಎಂದು ಮೊಬೈಲಿನಲ್ಲಿ ಓದಿದ ಮೇಲೆ ಆಕೆಗೆ ನಿದ್ದೆಯಿಲ್ಲ.

ಎರಡನೇ ಭೇಟಿಗೆ ಇಬ್ಬರೂ ಬಂದರು. ಪ್ರತಿ ಅಂಕಿಯ ಪಕ್ಕದಲ್ಲಿ ಯಾವ ಲ್ಯಾಬ್, ಎಷ್ಟು ಹೊತ್ತಿಗೆ ರಕ್ತ ಕೊಟ್ಟಿದ್ದು, ಹಿಂದಿನ ರಾತ್ರಿ ಏನು ಊಟ, ಆ ವಾರ ಜ್ವರ, ಭೇದಿ, ಹೊಸ ಮಾತ್ರೆ ಇತ್ತೇ ಎಂದು ಬರೆಯಲು ಹೇಳಿದೆ. ಲ್ಯಾಬುಗಳೇ ಮೂರು. 2.6 ಬಂದ ವಾರ ಪತಿಗೆ ಭೇದಿ ಆಗಿತ್ತು. ಮಾತ್ರೆಯ ಸಾಲಿಗೆ ಬಂದಾಗ ಪತಿ ಪೆನ್ನು ಕೆಳಗಿಟ್ಟರು.

"ಮಂಡಿ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ಐದು ದಿನ ತಗೊಂಡೆ. ಹೇಳಿದ್ರೆ ನೀನು ಮಾತು ಬಿಡ್ತೀಯ ಅಂತ ಹೇಳಲಿಲ್ಲ."

"ಯಾರಿಗೋಸ್ಕರ ರೀ ನಾನು ಇಷ್ಟೆಲ್ಲ ಒದ್ದಾಡ್ತಿರೋದು?"

"ಗೊತ್ತು ಕಣೇ. ಆದ್ರೆ ರಿಪೋರ್ಟ್ ಬರೋ ದಿನ ಫೇಲಾದ ಹುಡುಗನ ಥರ ಕೂತಿರ್ತೀನಿ ನಾನು."

ನನ್ನ ಸಲಹೆ ಈ ಮಾತಿನ ಮೇಲೆ ನಿಂತಿದೆ. ಆ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಭೇದಿಯಿಂದ ಮೈ ನೀರು ಆರಿದಾಗ, ಕೆಲವು ಬಗೆಯ ಬಿಪಿ ಮಾತ್ರೆಯೂ ಜೊತೆಗಿದ್ದಾಗ ಪೆಟ್ಟು ಇನ್ನೂ ಜೋರು. ಅದನ್ನು ವೈದ್ಯರಿಗೆ ತಕ್ಷಣ ಹೇಳಬೇಕಿತ್ತು. ಹೆಂಡತಿಯ ಕಾವಲಿಗೆ ಹೆದರಿ ಅವರು ಮುಚ್ಚಿಟ್ಟರು. ಪ್ರೀತಿಯಿಂದ ಕಾದರೂ ಕಾವಲು ಕಾವಲೇ, ಅದು ಕಾಯಿಲೆಯ ಸುದ್ದಿಯನ್ನೇ ಬಚ್ಚಿಡಿಸುತ್ತದೆ.

ಲ್ಯಾಬಿನ ವಿಚಾರ ಆಪ್ತಸಲಹೆಗಾರರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಔಷಧದ ವಿಷಯ ನಾನು ಮುಟ್ಟುವುದಿಲ್ಲ. ಆದರೆ ಅಂಕಿಯನ್ನು ತಪ್ಪಾಗಿ ಓದಿ ಹುಟ್ಟಿದ ಭಯಕ್ಕೆ ಬರೀ ಉಸಿರಾಟದ ಅಭ್ಯಾಸ ಹೇಳಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. 2.1 ಮತ್ತು 2.3ರ ನಡುವಿನ ವ್ಯತ್ಯಾಸ ಲ್ಯಾಬಿನ ವಿಧಾನದಿಂದಲೂ ಬರಬಹುದು, ಹಿಂದಿನ ರಾತ್ರಿಯ ಮಟನ್ ಊಟದಿಂದಲೂ ಬರಬಹುದು. ಕಾಯಿಲೆಯ ಹಂತವನ್ನು ಒಂದು ರಿಪೋರ್ಟಿನಿಂದ ನಿರ್ಧರಿಸುವುದಿಲ್ಲ, ಕನಿಷ್ಠ ಮೂರು ತಿಂಗಳು ಅದೇ ಮಟ್ಟದಲ್ಲಿ ಇರಬೇಕು. ಮೂತ್ರದಲ್ಲಿ ಹೋಗುವ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟೆಂಬುದೂ ಅಷ್ಟೇ ಮುಖ್ಯ. ಆಕೆಯ ಫೈಲಿನಲ್ಲಿ ಆ ಪರೀಕ್ಷೆಯೇ ಇರಲಿಲ್ಲ. ವೈದ್ಯರನ್ನು ಕೇಳಲು ಬರೆದುಕೊಟ್ಟೆ.

ಉಳಿದ ಸಲಹೆ ಇಷ್ಟು. ಮಾತ್ರೆಯ ವಿಷಯ ಅವತ್ತೇ ಫೋನ್ ಮಾಡಿ ವೈದ್ಯರಿಗೆ ತಿಳಿಸುವುದು. ಇನ್ನು ಮುಂದೆ ಒಂದೇ ಲ್ಯಾಬ್, ಬೆಳಗಿನ ಹೊತ್ತು, ಹಿಂದಿನ ದಿನ ಮಾಂಸವಾಗಲಿ ಜಿಮ್ಮಿನ ಬೆವರಾಗಲಿ ಬೇಡ. ವೈದ್ಯರು ಹೇಳದ ಪರೀಕ್ಷೆಯೂ ಬೇಡ. ರಿಪೋರ್ಟ್ ಪತಿಯ ಮೊಬೈಲಿಗೆ ಬರಲಿ, ಇಬ್ಬರೂ ಒಟ್ಟಿಗೆ ತೆರೆಯಲಿ, ಅವತ್ತು ಅಡುಗೆಯ ಬಗ್ಗೆ ವಿಚಾರಣೆ ನಡೆಯದಿರಲಿ. ಇದಕ್ಕೆ ಆಕೆ ಸುಲಭವಾಗಿ ಒಪ್ಪಲಿಲ್ಲ. "ನಾನು ನೋಡ್ಕೊಳ್ದೆ ಇದ್ರೆ ಯಾರು ನೋಡ್ಕೋತಾರೆ ಮೇಡಂ?" ಅಡುಗೆಮನೆ ನಿಮ್ಮದೇ ಇರಲಿ, ಮಾತ್ರೆ ಡಬ್ಬಿ ಅವರದಾಗಲಿ ಎಂದೆ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದ್ದು ಸರಿ. ಆದರೆ ಅವರು ತಂದಿದ್ದ "ಕಡಿಮೆ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ಸೋತವರಿಗೆ ಅದು ಅಪಾಯ. ಅದನ್ನು ತೆಗೆದಿಡಿಸಿದೆ.

ಎರಡು ವಾರದ ನಂತರ ವೈದ್ಯರು ಹೇಳಿದಂತೆ ಮತ್ತೆ ಪರೀಕ್ಷೆ ಆಯಿತು: 2.3. ಆಕೆ ಈಗಲೂ ಚೀಟಿ ಬರೆಯುತ್ತಾರೆ, ಲ್ಯಾಬ್ ಮತ್ತು ಆ ವಾರದ ವಿವರದ ಸಮೇತ.

ಇದೇ ಸ್ಥಿತಿಯಲ್ಲಿರುವವರು ಒಂದನ್ನು ಬೇರೆಯಾಗಿ ಇಟ್ಟುಕೊಳ್ಳಿ. ಉಸಿರು ಕಟ್ಟುವುದು, ಮೂತ್ರ ತೀರಾ ಕಡಿಮೆಯಾಗುವುದು, ನಿಲ್ಲದ ವಾಂತಿ, ಎದೆನೋವು, ಮಂಪರು, ಅಥವಾ ಪೊಟ್ಯಾಸಿಯಂ 6 ದಾಟಿದ ರಿಪೋರ್ಟ್, ಇವುಗಳಲ್ಲಿ ಯಾವುದಿದ್ದರೂ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.