ಮೈಕ್‌ಸೆಟ್‌ನವರ ಆಂಪ್ಲಿಫೈಯರ್ ಮನೆಯ ಸಂಗೀತಕ್ಕೆ ಆಗುತ್ತದೆಯೇ?

ಆಗುತ್ತದೆ. ನನ್ನ ಮನೆಯಲ್ಲಿ ಆರು ವರ್ಷಗಳಿಂದ ಆಗುತ್ತಿದೆ. ನಿಮ್ಮ ಸ್ಪೀಕರುಗಳು 8 ಓಮ್ (ವಿದ್ಯುತ್ತಿಗೆ ಅವು ಒಡ್ಡುವ ತಡೆ), 87 ಡೆಸಿಬೆಲ್‌ನವು ಎಂದು ಬರೆದಿದ್ದೀರಿ. ಶಾಮಿಯಾನ ಅಂಗಡಿ ಇಟ್ಟಿರುವ ನಿಮ್ಮ ಗೆಳೆಯರು ಕ್ರೌನ್ ಎಕ್ಸ್‌ಎಲ್‌ಎಸ್ 1002 ಎಂಬ ವೇದಿಕೆಯ ಆಂಪ್ಲಿಫೈಯರ್ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ; ಹೈ-ಫೈ ಅಂಗಡಿಯವರು ‘ಅದು ಮದುವೆ ಮಂಟಪಕ್ಕೆ ಸರಿ, ಸಂಗೀತ ಕೇಳುವುದಕ್ಕಲ್ಲ’ ಎಂದು ಮೂರು ಪಟ್ಟು ಬೆಲೆಯದನ್ನು ತೋರಿಸುತ್ತಿದ್ದಾರೆ. ಇಬ್ಬರಲ್ಲಿ ನಿಮ್ಮ ಗೆಳೆಯರ ಮಾತೇ ನಿಜಕ್ಕೆ ಹತ್ತಿರ. ಆದರೆ ಅವರಿಗೆ ಹೊಳೆಯದ ಒಂದು ಸಂಗತಿ ಇದೆ: ಇಂಥ ಆಂಪ್ಲಿಫೈಯರಿನಿಂದ ಸಂಗೀತ ಕೆಡುವುದಿಲ್ಲ, ಸಂಗೀತದ ನಡುವಿನ ಮೌನ ಕೆಡುತ್ತದೆ. ಮಂಟಪದಲ್ಲಿ ಮೌನ ಎಲ್ಲಿರುತ್ತದೆ, ಅವರಿಗೆ ಗೊತ್ತಾಗುವುದಕ್ಕೆ?

ನನಗೂ ಗೊತ್ತಿರಲಿಲ್ಲ. ಮುಚ್ಚಿಹೋದ ಒಂದು ಆರ್ಕೆಸ್ಟ್ರಾ ತಂಡದವರಿಂದ ನನ್ನ ಮೊದಲ ಆಂಪ್ ಕೊಂಡೆ. ಹದಿನೆಂಟು ಕಿಲೋ ತೂಕ, ಮುಂದೆ ಎರಡು ದಪ್ಪ ಗುಂಡಿ, ಹಿಂದೆ ಫ್ಯಾನು. ಬಸ್ಸುಗಳು ಓಡಾಡುವ ರಸ್ತೆಯ ಪಕ್ಕದ ಅವರ ಗೋದಾಮಿನಲ್ಲಿ ಹಾಕಿ ಕೇಳಿದಾಗ ಮೈ ಜುಮ್ಮೆಂದಿತ್ತು. ಮಾರನೆಯ ದಿನ ಬೆಳಗಿನ ಐದೂವರೆಗೆ ಮನೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ಆಲಾಪ ಹಾಕಿದೆ. ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ಹಿಂದಿನಿಂದ ಒಂದು ‘ಗೂಂ’. ಎರಡು ತಂಬೂರಿಗಳ ಜೊತೆಗೆ ಶ್ರುತಿ ಸೇರದ ಮೂರನೆಯದು. ನನ್ನ ಹೆಂಡತಿ ಒಳಗಿನಿಂದಲೇ ‘ಚಿಮಣಿ ಯಾಕೆ ಹಾಕಿದ್ದೀರಿ, ಒಲೆಯ ಮೇಲೆ ಏನೂ ಇಲ್ಲವಲ್ಲ’ ಎಂದಳು. ಮುಚ್ಚಳ ಬಿಚ್ಚಿದರೆ, ಯಾವುದೋ ಗಣಪತಿ ಮೆರವಣಿಗೆಯ ಗುಲಾಲು ಫ್ಯಾನಿನ ಅಲಗುಗಳಿಗೆ ಇನ್ನೂ ಅಂಟಿಕೊಂಡಿತ್ತು. ನಿಧಾನಕ್ಕೆ ತಿರುಗುವ ಬೇರೆ ಫ್ಯಾನ್ ಹಾಕಿಸಿದೆ. ಆದರೆ ಇದನ್ನು ಎಲ್ಲರಿಗೂ ಹೇಳಲಾರೆ. ಶಾಖದ ಲೆಕ್ಕ ತಪ್ಪಿದರೆ ಆಂಪ್ ಹೋಗುತ್ತದೆ, ವಾರಂಟಿಯಂತೂ ಮೊದಲೇ ಹೋಗಿರುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಜೀವಕ್ಕೆ ಸಾಕಾಗುವಷ್ಟು ವಿದ್ಯುತ್ ಉಳಿದಿರಬಹುದು. ಶಾಖಕ್ಕೆ ತಕ್ಕಂತೆ ಫ್ಯಾನಿನ ವೇಗ ಬದಲಾಗುವ ಮಾದರಿ ಹುಡುಕುವುದು ಒಳ್ಳೆಯದು, ಎಕ್ಸ್‌ಎಲ್‌ಎಸ್ ಅಂಥದ್ದೇ. ಹಳೆಯ ಬೆಹ್ರಿಂಗರ್ ಎ500 ತರಹದ, ಫ್ಯಾನೇ ಇಲ್ಲದವೂ ಇವೆ.

ಮನೆಯ ಆಂಪ್, ವೇದಿಕೆಯ ಆಂಪ್ ಎಂಬ ಜಾತಿಭೇದವೂ ಅಷ್ಟು ಪುರಾತನವಾದದ್ದಲ್ಲ. 1967ರಲ್ಲಿ ಬಂದ ಕ್ರೌನ್ ಡಿಸಿ300 ಆಂಪ್ ಸ್ಟುಡಿಯೋಗಳಲ್ಲೂ ಇತ್ತು, ಶ್ರೀಮಂತ ರಸಿಕರ ಬೈಠಕ್‌ಖಾನೆಗಳಲ್ಲೂ ಇತ್ತು. ಇನ್ನೊಂದು ದಿಕ್ಕಿನಲ್ಲಿ, ಯಮಾಹಾ ಎನ್‌ಎಸ್10 ಸ್ಪೀಕರ್ 1978ರಲ್ಲಿ ಮನೆಗಳಿಗೆಂದು ಬಂದು, ಅಲ್ಲಿ ನೆಲೆ ಸಿಗದೆ ಸ್ಟುಡಿಯೋ ಸೇರಿ ಹೆಸರು ಮಾಡಿತು.

ವಾಟ್‌ಗಳ ವಿಚಾರದಲ್ಲಿ ನಿಮಗೆ ಭಯ ಬೇಡ, ಆಸೆಯೂ ಬೇಡ. ನಿಮ್ಮ ಸ್ಪೀಕರಿಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಬರುತ್ತದೆ. ಇಬ್ಬರು ಎದುರುಬದುರು ಕುಳಿತು ಆಡುವ ಮಾತು 60ರ ಆಸುಪಾಸು. ಹಾಗಾಗಿ ದಿನದ ಹೆಚ್ಚು ಹೊತ್ತು ನೀವು ಒಂದು ವಾಟಿನ ಕೆಳಗೇ ಇರುತ್ತೀರಿ. ಹಾಗಾದರೆ 8 ಓಮ್‌ಗೆ 215 ವಾಟ್ ಕೊಡುವ ಈ ಪೆಟ್ಟಿಗೆ ಯಾಕೆ? ತನಿ ಆವರ್ತನದಲ್ಲಿ ಮೃದಂಗದ ಒಂದು ಗಟ್ಟಿ ಪೆಟ್ಟು ಉಳಿದ ನಾದಕ್ಕಿಂತ 20 ಡೆಸಿಬೆಲ್ ಮೇಲೆ ಹಾರಬಹುದು. 20 ಡೆಸಿಬೆಲ್ ಎಂದರೆ ನೂರು ಪಟ್ಟು ಶಕ್ತಿ. ಆ ಒಂದು ಕ್ಷಣಕ್ಕೆ ನೂರು ವಾಟ್ ಬೇಕು, ಮರುಕ್ಷಣ ಬೇಡ. ಕಡಿಮೆ ಬೆಲೆಗೆ ಈ ಅನುಕೂಲ ಸಿಗುವುದು ವೇದಿಕೆಯ ಆಂಪ್‌ಗಳಲ್ಲೇ. ಅದಕ್ಕಿಂತ ದೊಡ್ಡ ಮಾದರಿಗೆ ಹೋಗಬೇಡಿ. ವಾಟ್ ಎರಡು ಪಟ್ಟಾದರೂ ಸಿಗುವುದು ಬರೀ 3 ಡೆಸಿಬೆಲ್.

‘ಮನೆಯ ಉಪಕರಣದ ಸಿಗ್ನಲ್ ಇದಕ್ಕೆ ಸಾಲುವುದಿಲ್ಲ’ ಎಂದೂ ನಿಮಗೆ ಯಾರೋ ಹೇಳಿದ್ದಾರಂತೆ. ವೃತ್ತಿಪರ ಉಪಕರಣಗಳ ರೂಢಿಯ ಮಟ್ಟ 1.23 ವೋಲ್ಟ್, ಮನೆಯವುಗಳದ್ದು 0.316 ವೋಲ್ಟ್ ಎಂಬುದು ನಿಜ. ಆದರೆ ಇಂದಿನ ಬಹುತೇಕ ಡ್ಯಾಕ್ (ಕಂಪ್ಯೂಟರಿನ ಅಂಕಿಗಳನ್ನು ಧ್ವನಿಯ ಸಿಗ್ನಲ್ ಆಗಿಸುವ ಪೆಟ್ಟಿಗೆ) ಮತ್ತು ಸಿಡಿ ಪ್ಲೇಯರುಗಳು ಪೂರ್ಣ ಮಟ್ಟದಲ್ಲಿ 2 ವೋಲ್ಟ್ ಕೊಡುತ್ತವೆ. ಎಕ್ಸ್‌ಎಲ್‌ಎಸ್‌ನಲ್ಲಿ ಸೂಕ್ಷ್ಮತೆಯನ್ನು, ಅಂದರೆ ಪೂರ್ಣ ಶಕ್ತಿ ಹೊರಡಲು ಎಷ್ಟು ಸಿಗ್ನಲ್ ಬರಬೇಕು ಎಂಬುದನ್ನು, 1.4 ವೋಲ್ಟ್ ಅಥವಾ 0.775 ವೋಲ್ಟ್ ಎಂದು ಆರಿಸಿಕೊಳ್ಳಬಹುದು. 1.4ರಲ್ಲೇ ಇಡಿ. ಬರೀ 0.316 ವೋಲ್ಟ್ ಬಂದರೂ ಸುಮಾರು 11 ವಾಟ್ ಹೊರಡುತ್ತದೆ. ಪಕ್ಕದ ಮನೆಯವರು ಬಾಗಿಲು ತಟ್ಟಲು ಅಷ್ಟು ಸಾಕು. 0.775ಕ್ಕೆ ಇಟ್ಟರೆ ಆಂಪ್‌ಗೆ ಜೋಡಿಸಿದ ಉಪಕರಣಗಳಿಂದ ಬರುವ ಸಣ್ಣಪುಟ್ಟ ಸದ್ದೂ ಹಿಗ್ಗಿ ಕೇಳಿಸುತ್ತದೆ.

ಮುಂಭಾಗದ ಗುಂಡಿಗಳನ್ನು ಪೂರ್ತಿ ಇಳಿಸಿ ಟ್ವೀಟರಿಗೆ (ಸ್ಪೀಕರಿನಲ್ಲಿ ತಾರಸ್ವರ ನುಡಿಸುವ ಚಿಕ್ಕ ಭಾಗ) ಕಿವಿ ಹಚ್ಚಿ ಕೇಳಿ. ಆಗಲೂ ‘ಸುಯ್’ ಎನ್ನುತ್ತಿದ್ದರೆ ಅದು ಆಂಪ್‌ನ ಸ್ವಂತ ಸದ್ದು, ಯಾವ ಗುಂಡಿಯೂ ಅದನ್ನು ಇಳಿಸಲಾರದು. ನಿಮ್ಮ 87 ಡೆಸಿಬೆಲ್ ಸ್ಪೀಕರಿನಲ್ಲಿ ಒಂದು ಗೇಣು ಹಿಂದೆ ಸರಿದರೆ ಅದು ಸಾಮಾನ್ಯವಾಗಿ ಮಾಯವಾಗುತ್ತದೆ. ಒಂದೇ ವಾಟಿಗೆ ನೂರು ಡೆಸಿಬೆಲ್ ಮುಟ್ಟುವ ಹಾರ್ನ್ ಸ್ಪೀಕರ್ ಇರುವವರಿಗೆ ಮಾತ್ರ ಈ ದಾರಿ ಬೇಡ ಎನ್ನುತ್ತೇನೆ. ವಾಲ್ವಿನ ಹಳೆಯ ಪ್ರೀಆಂಪ್ (ಆಂಪ್‌ಗೆ ಮುಂಚೆ ಸಿಗ್ನಲ್ ಸಿದ್ಧಮಾಡುವ ಪೆಟ್ಟಿಗೆ) ಇರುವವರೂ ಯೋಚಿಸಬೇಕು. ವೇದಿಕೆಯ ಆಂಪ್‌ಗಳ ಇನ್‌ಪುಟ್ ಹೊರೆ ಸಾಮಾನ್ಯವಾಗಿ 10ರಿಂದ 20 ಕಿಲೋ ಓಮ್, ಅದನ್ನು ಹೊರಲಾರದೆ ಕೆಲವು ವಾಲ್ವ್ ಪ್ರೀಆಂಪ್‌ಗಳ ಮಂದ್ರಸ್ವರ ಸೊರಗುತ್ತದೆ.

ಇನ್ನು ‘ಗುಂಯ್’ ಎನ್ನುವ ಹಮ್. ಇದು ನನ್ನನ್ನು ಎರಡು ತಿಂಗಳು ಕಾಡಿತು. ಕಂಪ್ಯೂಟರಿಗೂ ಅರ್ತಿಂಗ್ ಇದೆ, ಆಂಪ್‌ಗೂ ಇದೆ; ಎರಡರ ನಡುವೆ ಆರ್‌ಸಿಎ ತಂತಿ (ಮನೆಯ ಉಪಕರಣಗಳ ಮಾಮೂಲಿ ಸಿಗ್ನಲ್ ತಂತಿ) ಎಳೆದರೆ ಅರ್ತ್‌ನದೇ ಒಂದು ಬಳೆ ಏರ್ಪಟ್ಟು, ಅದರಲ್ಲಿ ಹರಿಯುವ 50 ಹರ್ಟ್ಜ್ ವಿದ್ಯುತ್ತು ಸ್ಪೀಕರಿನಲ್ಲಿ ಗುನುಗುತ್ತದೆ. ಮೊದಲು ಎಲ್ಲ ಪ್ಲಗ್‌ಗಳನ್ನೂ ಒಂದೇ ಬೋರ್ಡಿಗೆ ತನ್ನಿ. ನಂತರ ಆರ್‌ಸಿಎ ತಂತಿ ಬಿಟ್ಟು, ಆಂಪ್‌ನ ಎಕ್ಸ್‌ಎಲ್‌ಆರ್ (ಮೈಕ್‌ಗೆ ಬಳಸುವ ಮೂರು ಪಿನ್ನಿನ) ಇನ್‌ಪುಟ್‌ಗೆ ಹೋಗುವ ತಂತಿ ಮಾಡಿಸಿ. ಒಳಗೆ ಎರಡು ಎಳೆ, ಹೊರಗೆ ಕವಚ ಇರುವ ಮೈಕ್ ತಂತಿ ಬೇಕು. ಎರಡನೇ ಪಿನ್ ಆರ್‌ಸಿಎಯ ನಡುಮುಳ್ಳಿಗೆ, ಮೂರನೇ ಪಿನ್ ಆರ್‌ಸಿಎಯ ಹೊರಬಳೆಗೆ, ಒಂದನೇ ಪಿನ್‌ನಿಂದ ಬರುವ ಕವಚವೂ ಆ ಹೊರಬಳೆಗೇ. ಮೂರನೇ ಪಿನ್ನಿನ ಎಳೆ ಮತ್ತು ಕವಚ ಕೂಡುವುದು ಆರ್‌ಸಿಎ ತುದಿಯಲ್ಲಿ ಎಂಬುದೇ ಇಲ್ಲಿನ ಗುಟ್ಟು. ನಿಮ್ಮ ಗೆಳೆಯರ ಅಂಗಡಿಯ ಹುಡುಗರು ಹತ್ತು ನಿಮಿಷದಲ್ಲಿ ಬೆಸುಗೆ ಹಾಕಿ ಕೊಡುತ್ತಾರೆ. ಆಗಲೂ ಹೋಗದಿದ್ದರೆ ನಡುವೆ ಸಿಗ್ನಲ್ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಕರೆಂಟಿನ ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ತ್ ಪಿನ್, ಮುರಿದರೆ ಹಮ್ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಮ್ ನಿಲ್ಲುತ್ತದೆ, ನಿಜ. ಒಂದು ದಿನ ಪೆಟ್ಟಿಗೆಯ ಲೋಹಕ್ಕೆ ಕರೆಂಟ್ ಬಂದರೆ ಮುಟ್ಟಿದವರ ಎದೆಯೂ ನಿಲ್ಲಬಹುದು.

ಒಂದು ಟ್ವೀಟರ್ ಸುಟ್ಟುಕೊಂಡು ಕಲಿತದ್ದನ್ನೂ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪನ್ನು ಡ್ಯಾಕ್ ಮೂಲಕ ನೇರವಾಗಿ ಆಂಪ್‌ಗೆ ಜೋಡಿಸಿ, ಆಂಪ್‌ನ ಗುಂಡಿಗಳನ್ನು ಪೂರ್ತಿ ಏರಿಸಿ, ಧ್ವನಿಯನ್ನು ಹಾಡಿನ ತಂತ್ರಾಂಶದಲ್ಲಷ್ಟೇ ತಗ್ಗಿಸಿಕೊಂಡಿದ್ದೆ. ಇಮೇಲ್ ಬಂದ ಗಂಟೆಗೆ ಆ ಕಡಿವಾಣ ಇರಲಿಲ್ಲ. ‘ಟಿಣ್’ ಎಂದದ್ದು ಒಂದೇ ಸಲ. ಈಗ ಗುಂಡಿಗಳು ಅರ್ಧಕ್ಕೂ ಕೆಳಗೆ, ಧ್ವನಿಯ ನಿಯಂತ್ರಣ ಡ್ಯಾಕ್‌ನಲ್ಲಿ. ಸ್ವಿಚ್ ಹಾಕುವಾಗ ಆಂಪ್ ಕೊನೆಗೆ, ಆರಿಸುವಾಗ ಆಂಪ್ ಮೊದಲು. ಎರಡು ಚಾನೆಲ್‌ಗಳನ್ನು ಒಂದಾಗಿಸುವ ಬ್ರಿಡ್ಜ್ ಎಂಬ ಆಯ್ಕೆಯ ತಂಟೆಗೆ ಹೋಗಬೇಡಿ.

ಹಣ ಕೊಡುವ ಮುಂಚೆ ಗೆಳೆಯರ ಅಂಗಡಿಯಿಂದ ಒಂದು ರಾತ್ರಿಯ ಮಟ್ಟಿಗೆ ಆಂಪ್ ತನ್ನಿ. ಮನೆಯವರೆಲ್ಲ ಮಲಗಿದ ಮೇಲೆ ಸೀಲಿಂಗ್ ಫ್ಯಾನ್ ಆರಿಸಿ, ಎಲ್ಲ ಜೋಡಿಸಿ, ಯಾವ ಹಾಡನ್ನೂ ಹಾಕದೆ, ದಿನವೂ ಕೂರುವ ಕುರ್ಚಿಯಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಗೋಡೆ ಗಡಿಯಾರದ ಟಿಕ್‌ಟಿಕ್ ಒಂದೇ ಕೇಳಿಸಿದರೆ, ಬೆಳಗ್ಗೆ ಹೋಗಿ ಹಣ ಕೊಟ್ಟು ಬನ್ನಿ.